ಬಚ್ಚಲ ಒಲೆಗೆ ಸಲೈನ್ ಪೈಪು ಹಾಕಬೇಡಿ

ಆಯಿ ಹಾಸಿಗೆ ಹಿಡಿದ ಮೇಲೆ ನಮ್ಮನೆಯೇ ಒಂದು ಸಣ್ಣ ಆಸ್ಪತ್ರೆಯಾಗಿತ್ತು. ಕುಮಟಾ ಪೇಟೆಯಿಂದ ಒಳಗಿನ ಊರು ನಮ್ಮದು. ದಿನಾ ಇನ್ಸುಲಿನ್ ಸಿರಿಂಜು, ಸಲೈನ್ ಪೈಪು, ಮೂತ್ರದ ಚೀಲ, ಹತ್ತಿ, ಗ್ಲೌಸು. ಎಲ್ಲ ಒಂದೇ ಚೀಲಕ್ಕೆ ತುಂಬಿ, ಬೆಳಿಗ್ಗೆ ಬಚ್ಚಲ ಒಲೆಗೆ ಹಾಕುತ್ತಿದ್ದೆವು. ಮಳೆಗಾಲದಲ್ಲಿ ಸೌದೆ ಹಸಿ ಇರುತ್ತದೆ. ಪ್ಲಾಸ್ಟಿಕ್ ಇದ್ದರೆ ಬೆಂಕಿ ಬೇಗ ಹತ್ತುತ್ತದೆ, ಅಲ್ವಾ? ನಮ್ಮ ಕಡೆ ಎಷ್ಟು ಮನೆಗಳಲ್ಲಿ ಹೀಗೇ ನಡೆಯುತ್ತದೆ.

ಒಲೆಯ ಬೂದಿ ಬಸಳೆ ಬುಡಕ್ಕೆ ಹೋಗುತ್ತಿತ್ತು. ಒಂದು ದಿನ ಕಳೆ ಕೀಳುವಾಗ ಬೆರಳಿಗೆ ಚುಚ್ಚಿತು. ನೋಡಿದರೆ ಸೂಜಿ. ಪೂರ್ತಿ ಕಪ್ಪಾಗಿತ್ತು, ಮೊನೆ ಮಾತ್ರ ಹಾಗೇ ಇತ್ತು. ಅದೇ ಬಳ್ಳಿಯ ಸೊಪ್ಪಿನ ಹುಳಿಯನ್ನು ಹಿಂದಿನ ದಿನ ಮಕ್ಕಳಿಗೆ ಬಡಿಸಿದ್ದೆ.

ಸೂಜಿ ಕಣ್ಣಿಗೆ ಕಂಡಿತು. ಕಾಣದೇ ಇರುವುದು ಇನ್ನೂ ಕೆಟ್ಟದ್ದು. ಸಲೈನ್ ಪೈಪು, ಮೂತ್ರದ ಚೀಲ, ಮಾತ್ರೆಯ ಪಟ್ಟಿ ಹೆಚ್ಚಾಗಿ ಪಿವಿಸಿ ಎಂಬ ಪ್ಲಾಸ್ಟಿಕ್ಕಿನವು. ಪಿವಿಸಿಯಲ್ಲಿ ಕ್ಲೋರಿನ್ ಇರುತ್ತದೆ. ಸಾಧಾರಣ ಬೆಂಕಿಯಲ್ಲಿ ಅರೆಬರೆ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹೊಗೆಯಲ್ಲೂ ಇರುತ್ತದೆ, ಬೂದಿಯಲ್ಲೂ ಇರುತ್ತದೆ. ಹುಲ್ಲಿನ ಮೇಲೆ ಕೂತು ಹಸುವಿನ ಹಾಲಿಗೆ ಬರುತ್ತದೆ, ನೀರು ಸೇರಿ ಮೀನಿಗೆ ಬರುತ್ತದೆ. ನಮ್ಮ ಮೈಯ ಕೊಬ್ಬಿನಲ್ಲಿ ಸೇರಿಕೊಂಡರೆ ಅರ್ಧ ಇಳಿಯಲಿಕ್ಕೇ 7ರಿಂದ 11 ವರ್ಷ ಬೇಕು. ಕ್ಯಾನ್ಸರ್ ತರುವ ವಿಷ ಅದು.

ಆಸ್ಪತ್ರೆಯ ಕಸ ಸುಡುವ ಯಂತ್ರಕ್ಕೆ ಎರಡು ಕೋಣೆ ಇರಬೇಕು. ಮೊದಲನೆಯದರಲ್ಲಿ ಕನಿಷ್ಠ 800 ಡಿಗ್ರಿ, ಎರಡನೆಯದರಲ್ಲಿ ಸುಮಾರು 1050. ಅಂಥದ್ದಕ್ಕೂ ಪಿವಿಸಿ ಹಾಕುವಂತಿಲ್ಲ. ಆಸ್ಪತ್ರೆ ಕಸದ ಬಗ್ಗೆ ಇರುವ 2016ರ ನಿಯಮದ ಪ್ರಕಾರ ಪೈಪು, ಗ್ಲೌಸು, ಸೂಜಿ ತೆಗೆದ ಸಿರಿಂಜು ಕೆಂಪು ಚೀಲಕ್ಕೆ ಹೋಗಬೇಕು. ಅದನ್ನು ಬಿಸಿ ಆವಿಯಲ್ಲಿ ಶುದ್ಧ ಮಾಡಿ, ಚೂರು ಮಾಡಿ, ಮರುಬಳಕೆಗೆ ಕೊಡುತ್ತಾರೆ. ಸುಡಲಿಕ್ಕೆ ಹೋಗುವುದು ಹಳದಿ ಚೀಲ. ಕೈ ತಪ್ಪಿ ಪೈಪನ್ನು ಹಳದಿಗೆ ಹಾಕಿದರೆ ಎಂಥ ಯಂತ್ರ ಇದ್ದೂ ಉಪಯೋಗವಿಲ್ಲ. ನಮ್ಮ ಕಡೆಯ ಒಂದು ಆಸ್ಪತ್ರೆಯ ಹಿಂದೆ ಸಂಜೆ ಹೊತ್ತು ಗುಂಡಿಯಲ್ಲಿ ಎಲ್ಲ ಒಟ್ಟಿಗೆ ಸುಡುವುದನ್ನು ನಾನೇ ನೋಡಿದ್ದೇನೆ. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡು ಕೂತಿರುತ್ತಾರೆ. ದೂರು ಕೊಡುವವರು ಯಾರೂ ಇಲ್ಲ, ನಾಳೆ ಅದೇ ಡಾಕ್ಟರ ಹತ್ತಿರ ಹೋಗಬೇಕಲ್ಲ.

ಮನೆಯ ಕಸಕ್ಕಂತೂ ಕೇಳುವವರೇ ಇಲ್ಲ. ಈಗ ಮನೆಮನೆಯಲ್ಲೂ ಶುಗರ್ ಇದೆ, ಹಾಸಿಗೆ ಹಿಡಿದ ಹಿರಿಯರಿದ್ದಾರೆ. ಸೂಜಿ ಹಾಕಲಿಕ್ಕೆ ನಾವು ಒಂದು ಗಟ್ಟಿ ಫಿನಾಯಿಲ್ ಬಾಟಲಿ ಇಟ್ಟೆವು. ಪೈಪು, ಚೀಲ ಎಲ್ಲ ಬೇರೆ ಡಬ್ಬಿಗೆ. ತುಂಬಿದ ಮೇಲೆ ಎಲ್ಲಿ ಕೊಡುವುದು? ಮನೆಗೆ ಇಂಜೆಕ್ಷನ್ ಕೊಡಲು ಬರುತ್ತಿದ್ದ ಸಿಸ್ಟರ್ ಒಬ್ಬರು, "ತನ್ನಿ ಅಕ್ಕಾ, ನಮ್ಮಲ್ಲಿ ಗಾಡಿ ಬಂದಾಗ ಕೊಡುವಾ" ಅಂದರು. ಅವರ ದೊಡ್ಡ ಮನಸ್ಸು. ಆದರೆ ಒಬ್ಬರ ಒಳ್ಳೆತನದ ಮೇಲೆ ಇಡೀ ಊರು ನಿಲ್ಲಬಾರದು. ಪಂಚಾಯ್ತಿಯ ಕಸದ ಗಾಡಿಯಲ್ಲಿ ಇದಕ್ಕೇ ಒಂದು ಮುಚ್ಚಳದ ಡಬ್ಬಿ ಇರಲಿ. ವಾರಕ್ಕೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸಲಿ. ಅಲ್ಲಿಗೆ ಹೇಗೂ ಕಸ ಒಯ್ಯುವ ಗಾಡಿ ಬರುತ್ತದೆ.

ಅಂಕೋಲಾ, ಹೊನ್ನಾವರ, ಶಿರಸಿ ಕಡೆಯವರೇ, ನಿಮ್ಮ ಊರಲ್ಲಿ ಎಲ್ಲಾದರೂ ಹೀಗೆ ತೆಗೆದುಕೊಳ್ಳುತ್ತಿದ್ದರೆ ದಯವಿಟ್ಟು ಬರೆಯಿರಿ. ಯಾರನ್ನು ಕೇಳಿದಿರಿ, ಹೇಗೆ ಮಾಡಿಸಿದಿರಿ ಅಂತ. ಮುಂದಿನ ಗ್ರಾಮಸಭೆಗೆ ಅದನ್ನೇ ಹಿಡಿದುಕೊಂಡು ಹೋಗುತ್ತೇನೆ.