ಬಸ್ಸು ತಡವಾಗಿಲ್ಲ, ನಿಮಗೆ ಹಾಗನ್ನಿಸಿದೆ ಅಷ್ಟೇ

ಸಾರಿಗೆ ಕಚೇರಿಗಳಿಗೆ ಕೊನೆಗೂ ಜ್ಞಾನೋದಯವಾಗಿದೆ. ಇಷ್ಟು ವರ್ಷ ಬಸ್ಸುಗಳನ್ನು ರಿಪೇರಿ ಮಾಡಿ ಸುಸ್ತಾದದ್ದೇ ಬಂತು, ರಿಪೇರಿ ಆಗಬೇಕಿದ್ದದ್ದು ಪ್ರಯಾಣಿಕರಂತೆ. ಸ್ಟಾಪಿನಲ್ಲಿ ಕಾದ ಒಂದು ನಿಮಿಷ, ಬಸ್ಸಿನೊಳಗೆ ಕೂತ ಒಂದು ನಿಮಿಷಕ್ಕಿಂತ ಉದ್ದ ಅನ್ನಿಸುತ್ತದೆ ಎಂದು ಸಂಶೋಧಕರು ದಶಕಗಳಿಂದ ಹೇಳುತ್ತಿದ್ದಾರೆ. ಅದನ್ನು ಕೇಳಿದವರು ಕಾಯಿಸುವುದನ್ನು ಕಡಿಮೆ ಮಾಡಬೇಕಿತ್ತು. ಕಚೇರಿಯ ಕಿವಿಗೆ ಬಿದ್ದದ್ದು ‘ಅನ್ನಿಸುತ್ತದೆ’ ಎಂಬ ಒಂದೇ ಮಾತು.

ಅಮೆರಿಕದ ಹ್ಯೂಸ್ಟನ್ ವಿಮಾನ ನಿಲ್ದಾಣದ ಕಥೆ ಇವರ ಪಾಲಿನ ಪುರಾಣ. ಲಗೇಜು ತಡವೆಂದು ಅಲ್ಲಿ ಜನ ದೂರುತ್ತಿದ್ದರಂತೆ. ಆಳು ಹೆಚ್ಚಿಸಿ ಕಾಯುವುದನ್ನು 8 ನಿಮಿಷಕ್ಕೆ ಇಳಿಸಿದರೂ ದೂರು ನಿಲ್ಲಲಿಲ್ಲ. ಆಮೇಲೆ ವಿಮಾನ ಇಳಿದವರನ್ನು ಲಗೇಜು ಸಿಗುವಲ್ಲಿಗೆ ಆರು ಪಟ್ಟು ದೂರ ನಡೆಸಿದರಂತೆ. ದೂರ ಹೆಚ್ಚಿತು, ದೂರು ನಿಂತಿತು. ಇದನ್ನೇ ಹಿಡಿದು ಹೊರಟರೆ ಬಸ್ ಸ್ಟಾಪನ್ನು ಎರಡು ಕಿಲೋಮೀಟರ್ ಆಚೆ ನೆಟ್ಟರಾಯಿತು. ಇನ್ನೂ ಆಚೆ ನೆಟ್ಟರೆ ಪ್ರಯಾಣಿಕ ನಡೆದು ನಡೆದೇ ಊರು ಸೇರುತ್ತಾನೆ, ಡೀಸೆಲ್ಲೂ ಉಳಿಯುತ್ತದೆ.

ಇನ್ನು ದತ್ತಾಂಶ. ‘ಸರಾಸರಿ 10 ನಿಮಿಷಕ್ಕೊಂದು ಬಸ್ಸು’ ಎಂದು ಬೋರ್ಡಿನಲ್ಲಿ ಬರೆದಿರುತ್ತದೆ. ಸುಳ್ಳಲ್ಲ. 20 ನಿಮಿಷ ಒಂದೂ ಇಲ್ಲ, ಆಮೇಲೆ ಒಂದರ ಬೆನ್ನಿಗೊಂದು ಅಂಟಿಕೊಂಡು ಎರಡು. ಭಾಗಿಸಿ ನೋಡಿ, ಹತ್ತೇ ಬರುತ್ತದೆ. ಹತ್ತು ನಿಮಿಷಕ್ಕೊಂದು ನಿಜವಾಗಿ ಬಂದಿದ್ದರೆ ನೀವು ಸರಾಸರಿ 5 ನಿಮಿಷ ಕಾಯುತ್ತಿದ್ದಿರಿ, ಈಗ 10 ಕಾಯುತ್ತೀರಿ. ಮುಂದೆ ಓಡುತ್ತಿರುವ ಬಸ್ಸು ತುಸು ತಡವಾದರೆ ಅದಕ್ಕೇ ಹೆಚ್ಚು ಜನ ಹತ್ತುತ್ತಾರೆ, ಹತ್ತಿಸಿಕೊಳ್ಳುತ್ತಾ ಅದು ಇನ್ನೂ ತಡವಾಗುತ್ತದೆ, ಹಿಂದಿನದು ಖಾಲಿ ಓಡಿಬಂದು ಅದರ ಬಾಲ ಹಿಡಿಯುತ್ತದೆ. 1964ರಲ್ಲೇ ಇದನ್ನು ಗಣಿತದಲ್ಲಿ ಬಿಡಿಸಿಟ್ಟಿದ್ದಾರೆ. ಆದರೆ ಕಚೇರಿಯ ನಕ್ಷೆಯಲ್ಲಿ ಬಸ್ಸಿಗೆ ಸರಾಸರಿ ಉಂಟು, ಮನುಷ್ಯನಿಗಿಲ್ಲ.

ಟಿಕೆಟ್ ಮಷೀನಿನ ಲೆಕ್ಕ ಇನ್ನೂ ಸೊಗಸು. ರಾತ್ರಿ ಒಂಬತ್ತರ ಮೇಲೆ ಆ ದಾರಿಯಲ್ಲಿ ಒಂದು ಟಿಕೆಟ್ಟೂ ಹರಿದಿಲ್ಲ, ಆದ್ದರಿಂದ ಬೇಡಿಕೆಯಿಲ್ಲ, ಆದ್ದರಿಂದ ಬಸ್ಸು ಬೇಡ. ಒಂಬತ್ತರ ಮೇಲೆ ಬಸ್ಸೇ ಇರಲಿಲ್ಲ ಎಂಬುದು ಟಿಪ್ಪಣಿಯಲ್ಲಿ ಎಲ್ಲೂ ಇಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಕೈಗೆ ಕಂಪ್ಯೂಟರ್ ಕೊಟ್ಟರೆ ಕೊಟ್ಟಿಗೆಗೂ ಒಂದು ಡ್ಯಾಶ್‌ಬೋರ್ಡ್ ಸಿಗುತ್ತದೆ.

2014ರ ಫೆಬ್ರವರಿಯಲ್ಲಿ ಲಂಡನ್ನಿನ ಸುರಂಗ ರೈಲು ನೌಕರರು ಮುಷ್ಕರ ಹೂಡಿದರು, ಹಲವು ನಿಲ್ದಾಣಗಳು ಮುಚ್ಚಿದವು. ಪ್ರಯಾಣಿಕರ ಕಾರ್ಡುಗಳ ದತ್ತಾಂಶ ತೆಗೆದು ನೋಡಿದ ಅರ್ಥಶಾಸ್ತ್ರಜ್ಞರಿಗೆ ಸಿಕ್ಕಿದ್ದೇನೆಂದರೆ, ದಿಕ್ಕು ತಪ್ಪಿ ಹೊಸ ದಾರಿ ಹಿಡಿದವರಲ್ಲಿ ಸುಮಾರು 5 ಶೇಕಡ ಮಂದಿ ಮುಷ್ಕರ ಮುಗಿದ ಮೇಲೂ ಹಳೇ ದಾರಿಗೆ ಮರಳಲಿಲ್ಲ. ಹೊಸದೇ ಅವರಿಗೆ ಸರಿಹೋಗಿತ್ತು. ಒಳ್ಳೆಯ ಅಧ್ಯಯನ, ನಾನು ಮೆಚ್ಚಿದೆ. ಇದು ಸಾರಿಗೆ ಕಚೇರಿಯ ಮೇಜಿಗೆ ತಲುಪುವುದನ್ನು ನೆನೆದರೆ ಮಾತ್ರ ಭಯ. ಬಸ್ಸು ರದ್ದಾದ ದಿನ ‘ವಿಷಾದಿಸುತ್ತೇವೆ’ ಅನ್ನುವ ಪ್ರಕಟಣೆ ಹೋಗಿ ‘ಹೊಸ ಮಾರ್ಗ ಅನ್ವೇಷಿಸಲು ನಿಮಗೊಂದು ಅವಕಾಶ’ ಎಂದು ಬರುವುದು ಬಾಕಿ.

ಮೊನ್ನೆ ಸ್ಟಾಪಿಗೆ ಟ್ಯಾಬ್ ಹಿಡಿದ ಹುಡುಗಿಯೊಬ್ಬಳು ಬಂದಳು. ಪ್ರಯಾಣಿಕರ ತೃಪ್ತಿ ಸಮೀಕ್ಷೆಯಂತೆ.

“ಸಾರ್, ಇವತ್ತು ಬಸ್ಸಿನಲ್ಲಿ ಪ್ರಯಾಣ ಮಾಡಿದ್ರಾ?”

“ಇಲ್ಲಮ್ಮ. ಮುಕ್ಕಾಲು ಗಂಟೆಯಿಂದ ಕಾಯ್ತಾ ಇದೀನಿ.”

ಟ್ಯಾಬನ್ನು ಎರಡು ಸಲ ಒತ್ತಿ ನೋಡಿ ಅವಳು ಪಾಪ ಎಂಬಂತೆ ನಕ್ಕಳು. “ಹಾಗಾದ್ರೆ ನೀವು ಸ್ಯಾಂಪಲ್‌ನಲ್ಲಿ ಬರಲ್ಲ ಸಾರ್. ಹತ್ತಿದವರನ್ನ ಮಾತ್ರ ಕೇಳೋದು.”