ಏನೂ ಇಲ್ಲದ ದ್ವೀಪ ಹಾಗೇ ಇರಲಿ

ರಸ್ತೆ ಇಲ್ಲ, ಎಟಿಎಂ ಇಲ್ಲ, ಕರೆಂಟು ಸಂಜೆ ಸ್ವಲ್ಪ ಹೊತ್ತು ಮಾತ್ರ. ಇಂಥ ದ್ವೀಪಕ್ಕೆ ರಜೆ ಹಾಕಿ ಹೋಗಬೇಕಾ ಅಂತ ಕೇಳುವವರಿಗೆ, ಖಂಡಿತ ಹೋಗಿ ಅನ್ನುತ್ತೇನೆ. ಆದರೆ ಹೋಗಿ ಬಂದವರು "ಜಾಗ ಚೆನ್ನಾಗಿದೆ, ಇನ್ನೂ ಸ್ವಲ್ಪ ಸೌಕರ್ಯ ಬೇಕಿತ್ತು" ಅಂತ ಬರೆದಾಗ ಮನಸ್ಸಿಗೆ ಬೇಸರವಾಗುತ್ತದೆ. ಆ ಸೌಕರ್ಯ ಬಂದ ಮೇಲೆ ನೀವು ಮೆಚ್ಚಿದ ಜಾಗ ಅಲ್ಲಿರುವುದಿಲ್ಲ.

ಶುರುವಿನಲ್ಲಿ ಕಷ್ಟವೇ. ನೆಟ್‌ವರ್ಕ್ ಇಲ್ಲ ಅಂತ ಗೊತ್ತಿದ್ದರೂ ಕೈ ಸುಮ್ನೆ ಫೋನಿನ ಕಡೆ ಹೋಗುತ್ತದೆ. ನಿಧಾನಕ್ಕೆ ಉಬ್ಬರ ಇಳಿತವೇ ಗಡಿಯಾರ ಆಗುತ್ತದೆ. ಹೆಚ್ಚಿನ ಕಡೆ ದಿನಕ್ಕೆ ಎರಡು ಸಲ ನೀರು ಏರಿ ಇಳಿಯುತ್ತದೆ, ಮರುದಿನ ಸುಮಾರು 50 ನಿಮಿಷ ತಡವಾಗಿ. ಇಳಿತದಲ್ಲಿ ಬಂಡೆಗಳ ನಡುವೆ ನಿಂತ ನೀರಿನಲ್ಲಿ ಏಡಿ, ನಕ್ಷತ್ರ ಮೀನು ನೋಡುತ್ತಾ ಕೂತರೆ ಬೆಳಗ್ಗೆ ಕಳೆದೇ ಹೋಗುತ್ತದೆ. ನೀರು ಏರಿದಾಗ ಈಜು, ಬಿಸಿಲು ಏರಿದಾಗ ನೆರಳಲ್ಲಿ ನಿದ್ದೆ. (ತೆಂಗಿನ ಮರದ ಕೆಳಗೆ ಮಾತ್ರ ಮಲಗಬೇಡಿ, ಕಾಯಿ ಬೀಳುತ್ತದೆ.) ನಿಮ್ಮ ಪ್ಲಾನಿಗೆ ಸಮುದ್ರ ಕಾಯುವುದಿಲ್ಲ. ಆ ಪ್ಲಾನ್ ಕೈಬಿಟ್ಟ ಮೇಲೆಯೇ ನನಗೆ ನಿಜವಾದ ವಿಶ್ರಾಂತಿ ಸಿಕ್ಕಿದ್ದು.

ಇನ್ನು ರಾತ್ರಿಯ ಕತ್ತಲು. ಕೆಲವು ದಿನ ಅಲೆ ಒಡೆಯುವಲ್ಲೆಲ್ಲ ನೀಲಿ ಹೊಳಪು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ನೀರು ಕದಡಿದಾಗ ಬೆಳಗುತ್ತವೆ. ದಡದಲ್ಲಿ ದೀಪಗಳಿದ್ದರೆ ಅದು ಕಾಣುವುದೇ ಕಷ್ಟ. ಕಡಲಾಮೆಯ ಮರಿಗಳಿಗಂತೂ ಈ ಕತ್ತಲು ಜೀವದ ಪ್ರಶ್ನೆ. ಮೊಟ್ಟೆಯೊಡೆದು ಬಂದ ಮರಿ ಬೆಳಕು ಜಾಸ್ತಿ ಇರುವ ಕಡೆ ಹೊರಡುತ್ತದೆ. ಕತ್ತಲ ದಡದಲ್ಲಿ ಆ ಬೆಳಕು ಸಮುದ್ರದ್ದು. ರೆಸಾರ್ಟಿನ ಲೈಟು ಉರಿಯುತ್ತಿದ್ದರೆ ಮರಿ ದಾರಿ ತಪ್ಪಿ ಒಳಗೆ ಹೋಗಿ ಸಾಯುತ್ತದೆ.

ಎಲ್ಲಕ್ಕಿಂತ ದೊಡ್ಡ ವಿಷಯ ನೀರು. ಸಣ್ಣ ಹವಳದ ದ್ವೀಪಗಳಲ್ಲಿ ನದಿ ಹರಿಯುವುದಿಲ್ಲ. ಬಿದ್ದ ಮಳೆ ಮರಳಿನೊಳಗೆ ಇಳಿಯುತ್ತದೆ. ಸಿಹಿ ನೀರು ಹಗುರ, ಹಾಗಾಗಿ ಅಡಿಯ ಉಪ್ಪು ನೀರಿನ ಮೇಲೆ ತೇಲಿಕೊಂಡು ನಿಲ್ಲುತ್ತದೆ. ಬಾವಿಗೆ ಬರುವುದು ಅದೇ. ಪಂಪ್ ಇಟ್ಟು ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೇಳುತ್ತದೆ, ಬಾವಿ ಸವಳಾಗುತ್ತದೆ. ಮತ್ತೆ ಸಿಹಿಯಾಗಲು ವರ್ಷಗಳೇ ಬೇಕಾಗಬಹುದು. ಒಂದು ಬಕೆಟ್ ನೀರಲ್ಲಿ ಸ್ನಾನ ಮುಗಿಸಿ ಅಂದಾಗ ಮುಖ ಸಿಂಡರಿಸುವವರಿಗೆ ಇದು ಗೊತ್ತಿರಬೇಕು. ಸುತ್ತ ಅಷ್ಟು ದೊಡ್ಡ ಸಮುದ್ರ ಇರುವಾಗ ಸ್ವಿಮ್ಮಿಂಗ್ ಪೂಲ್ ಯಾಕೆ ಬೇಕು, ಹೇಳಿ?

ಸೌಕರ್ಯ ಅಳತೆ ಮೀರಿದರೆ ಏನಾಗುತ್ತದೆ ಅಂತ ಈಗಾಗಲೇ ನೋಡಿದ್ದೇವೆ. ಫಿಲಿಪ್ಪೀನ್ಸಿನ ಬೊರಕಾಯ್ ಬರೀ ಹತ್ತು ಚದರ ಕಿಲೋಮೀಟರಿನಷ್ಟು ದ್ವೀಪ. ಅಲ್ಲಿನ ಹೊಲಸು ನೀರು ನೇರ ಸಮುದ್ರಕ್ಕೆ ಸೇರುತ್ತಿತ್ತು. ಕೊನೆಗೆ 2018ರ ಏಪ್ರಿಲ್‌ನಿಂದ ಆರು ತಿಂಗಳು ಇಡೀ ದ್ವೀಪವನ್ನೇ ಪ್ರವಾಸಿಗರಿಗೆ ಮುಚ್ಚಬೇಕಾಯಿತು. ಅದೇ ವರ್ಷ ಥಾಯ್ಲೆಂಡಿನ ಮಾಯಾ ಬೇ ಕೂಡ ಮುಚ್ಚಿತು. ಅಲ್ಲಿ ದೋಣಿಗಳು, ಅವುಗಳ ಲಂಗರುಗಳು ಹವಳವನ್ನು ಹಾಳು ಮಾಡಿದ್ದವು. ಮತ್ತೆ ತೆರೆದದ್ದು 2022ರ ಜನವರಿಯಲ್ಲಿ. ಜನ ಇಲ್ಲದ ಆ ಸಮಯದಲ್ಲಿ ಕಪ್ಪು ತುದಿಯ ರೆಕ್ಕೆಯ ಶಾರ್ಕ್‌ಗಳು ಕೊಲ್ಲಿಗೆ ವಾಪಸ್ ಬಂದವು. ಓದಿ ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು.

ಅಲ್ಲೇ ಹುಟ್ಟಿ ಬೆಳೆದವರಿಗೆ ಆಸ್ಪತ್ರೆ, ಶಾಲೆ, ಒಳ್ಳೆ ದೋಣಿ ಬೇಡ ಅಂತ ನಾನು ಹೇಳುತ್ತಿಲ್ಲ. ಅದು ಅವರ ಹಕ್ಕು, ಮೊದಲು ಅವರಿಗೇ ಸಿಗಬೇಕು. ಬೇಡ ಅನ್ನುತ್ತಿರುವುದು ನಾಲ್ಕು ದಿನ ಇದ್ದು ಹೋಗುವವರಿಗಾಗಿ ಕಟ್ಟುವ ಕಾಂಕ್ರೀಟು, ಎಸಿ, ಡಿಜೆ.

ಹೋಗುವವರು ದಿನಕ್ಕೊಂದು ದ್ವೀಪ ಅಂತ ಓಡಾಡದೆ ಒಂದೇ ಕಡೆ ಉಳಿಯಿರಿ. ಸನ್‌ಸ್ಕ್ರೀನ್ ಮೆತ್ತಿಕೊಳ್ಳುವ ಬದಲು ತುಂಬು ತೋಳಿನ ಅಂಗಿ ಹಾಕಿಕೊಂಡು ನೀರಿಗಿಳಿಯಿರಿ. ಹವಳಕ್ಕೆ ಹಾನಿ ಮಾಡುವ ಸನ್‌ಸ್ಕ್ರೀನ್‌ಗಳನ್ನು ಪಲಾವು ದೇಶ 2020ರಿಂದಲೇ ನಿಷೇಧಿಸಿದೆ. ಇನ್ನು ನೀವು ಒಯ್ದ ಪ್ಲಾಸ್ಟಿಕ್ ಎಲ್ಲವನ್ನೂ ದಯವಿಟ್ಟು ವಾಪಸ್ ತನ್ನಿ. ಅಷ್ಟು ಸಣ್ಣ ಜಾಗದಲ್ಲಿ ಕಸವನ್ನು ಸುಡಬೇಕು, ಹೂಳಬೇಕು, ಇಲ್ಲವೇ ಅದು ಸಮುದ್ರದ ಪಾಲು.