ಚಕ್ರ ಉರುಳಿದ್ದೇ ಹೆದ್ದಾರಿ

ಅಮೆರಿಕದ ಮರುಭೂಮಿಯಲ್ಲಿ ರಸ್ತೆ ಮಾಡುವುದಕ್ಕೆ ಡಾಂಬರು ಬೇಡ, ಜಲ್ಲಿ ಬೇಡ, ಗುತ್ತಿಗೆದಾರನಂತೂ ಬೇಡವೇ ಬೇಡ. ಒಂದು ಭಾನುವಾರ ಯಾರೋ ಪೊದೆಗಳ ಮೇಲೆ ಜೀಪು ಹಾಯಿಸಿದರೆ ಅದು ಜಾಡು. ಮುಂದಿನ ಭಾನುವಾರಗಳಲ್ಲಿ ಇನ್ನಷ್ಟು ಮಂದಿ ಬೈಕು ತಂದರೆ ಅದು ದಾರಿ. ಒಂದಷ್ಟು ವರ್ಷ ಸುಮ್ಮನಿದ್ದರೆ ಸರ್ಕಾರವೇ ಅದಕ್ಕೊಂದು ಸಂಖ್ಯೆ ದಯಪಾಲಿಸಿ ನಕ್ಷೆಗೆ ಏರಿಸುತ್ತದೆ.

ಕಾನೂನಿಗೇನೂ ಬರವಿಲ್ಲ. ಸಾರ್ವಜನಿಕ ಭೂಮಿಯಲ್ಲಿ ಇಂಥ ವಾಹನಗಳ ದಾರಿ ಗುರುತಿಸುವಾಗ ಮಣ್ಣು, ಗಿಡ, ಪ್ರಾಣಿಗಳಿಗೆ ಆದಷ್ಟು ಕಡಿಮೆ ಹಾನಿಯಾಗಬೇಕೆಂದು ಅಧ್ಯಕ್ಷ ನಿಕ್ಸನ್ 1972ರಲ್ಲೇ ಆದೇಶಿಸಿದ್ದರು. ಕ್ಯಾಲಿಫೋರ್ನಿಯಾದ ಮರುಭೂಮಿಗೆಂದು 1980ರಲ್ಲಿ ಯೋಜನೆಯೊಂದು ಬಂತು: ಆ ಹೊತ್ತಿಗೆ ಇದ್ದ ದಾರಿಗಳಷ್ಟೇ ದಾರಿ, ಹೊಸದು ಕೂಡದು. ಇದನ್ನೆಲ್ಲ ಕಾಯಬೇಕಾದದ್ದು ಕೇಂದ್ರ ಸರ್ಕಾರದ ಭೂ ನಿರ್ವಹಣಾ ಬ್ಯೂರೋ. ಅದು ಕಾದದ್ದು ನಿಜ, ಕಡತವನ್ನು.

2006ರಲ್ಲಿ ಅದೇ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ಪಶ್ಚಿಮ ಭಾಗಕ್ಕೆ ಬ್ಯೂರೋ ಸುಮಾರು 5,000 ಮೈಲಿ ದಾರಿಯನ್ನು ಅಧಿಕೃತಗೊಳಿಸಿತು. ಅವುಗಳಲ್ಲಿ 1980ರ ನಂತರ ಹುಟ್ಟಿದವೂ ಇದ್ದವು. ಪರಿಸರ ಸಂಘಟನೆಗಳು ದಾವೆ ಹೂಡಿದವು. ನೀವು ನಿಮ್ಮದೇ ನಿಯಮವನ್ನು ಪಾಲಿಸಿಲ್ಲವೆಂದು ಸಾನ್ ಫ್ರಾನ್ಸಿಸ್ಕೋದ ನ್ಯಾಯಾಧೀಶೆ ಸೂಸನ್ ಇಲ್‌ಸ್ಟನ್ 2009ರಲ್ಲಿ ತೀರ್ಪಿತ್ತರು. ಬ್ಯೂರೋ ತಲೆಬಾಗಿತು, ಹತ್ತು ವರ್ಷ ಚಿಂತನ ಮಂಥನ ನಡೆಸಿತು, 2019ರಲ್ಲಿ ತಿದ್ದಿದ ಯೋಜನೆ ಹೊರತಂದಿತು. ಈ ಸಲ ಸುಮಾರು 6,000 ಮೈಲಿ! ನಪಾಸಾದ ಹುಡುಗ ತಪ್ಪು ತಿದ್ದುವ ಬದಲು ಹೆಚ್ಚುವರಿ ಹಾಳೆ ಕೇಳಿದ ಹಾಗೆ. 2021ರಲ್ಲಿ ಮತ್ತೆ ದಾವೆ. ವಕೀಲರ ಮನೆಯ ಒಲೆ ತಣ್ಣಗಾಗದಂತೆ ನೋಡಿಕೊಳ್ಳುವುದೂ ಒಂದು ಬಗೆಯ ಜನಹಿತವೇ ಅನ್ನಿ.

ಕ್ಯಾಲಿಫೋರ್ನಿಯಾದ ದಕ್ಷಿಣ ತುದಿಯ ಆಲ್ಗೊಡೋನ್ಸ್ ಮರಳು ದಿಬ್ಬಗಳಲ್ಲಿ ಇನ್ನೊಂದು ಪವಾಡ ನಡೆಯಿತು. ಅಲ್ಲೊಂದು ಅಪರೂಪದ ಗಿಡ 1998ರಲ್ಲಿ ಅಳಿವಿನ ಅಪಾಯದ ಪಟ್ಟಿಗೆ ಸೇರಿತು, ಅದರ ದೆಸೆಯಿಂದ ದಿಬ್ಬಗಳ ದೊಡ್ಡ ಭಾಗ ವಾಹನಗಳಿಗೆ ಮುಚ್ಚಿತು. ಆಗ ದಿಬ್ಬಗಳ ಮೇಲೆ ವಾಹನ ಹಾರಿಸುವವರ ಸಂಘಕ್ಕೆ ಸಸ್ಯಶಾಸ್ತ್ರದಲ್ಲಿ ಏಕಾಏಕಿ ಅಭಿರುಚಿ ಮೂಡಿತು. ಗಿಡಗಳನ್ನು ಎಣಿಸಿಸಿ, ‘ಬೇಕಾದಷ್ಟಿವೆ, ಪಟ್ಟಿಯಿಂದ ತೆಗೆಯಿರಿ’ ಎಂದು ಅರ್ಜಿ ಹಾಕಿತು. ಅರ್ಜಿ ಬಿದ್ದುಹೋಯಿತು. ಗಿಡವಂತೂ ಅಷ್ಟೊಂದು ಗಮನವನ್ನು ಹಿಂದೆಂದೂ ಪಡೆದಿರಲಾರದು.

ಆದರೆ ಈ ಕಲೆಯ ಕಾಶಿಯೆಂದರೆ ಯೂಟಾ ರಾಜ್ಯ. ಅಲ್ಲಿನ ಬ್ರಹ್ಮಾಸ್ತ್ರ 1866ರ ಗಣಿ ಕಾನೂನಿನ ಒಂದು ಸಾಲು. ಸಾರ್ವಜನಿಕ ಭೂಮಿಯ ಮೇಲೆ ಹೆದ್ದಾರಿ ಕಟ್ಟುವ ಹಕ್ಕನ್ನು ಅದು ಧಾರಾಳವಾಗಿ ಕೊಟ್ಟಿತ್ತು. ಕುದುರೆಗಾಡಿ ಕಾಲದ ಆ ಸಾಲನ್ನು 1976ರಲ್ಲಿ ಸಂಸತ್ತು ರದ್ದುಮಾಡಿತು, ಆದರೆ ಅದಾಗಲೇ ದಕ್ಕಿದ್ದ ಹಕ್ಕುಗಳನ್ನು ಮುಟ್ಟಲಿಲ್ಲ. ಅಷ್ಟು ಸಂದು ಸಾಕಾಯಿತು. ಯೂಟಾ 12,000ಕ್ಕೂ ಹೆಚ್ಚು ‘ಹೆದ್ದಾರಿ’ಗಳು ತನ್ನವೆಂದು ಕೇಂದ್ರ ಸರ್ಕಾರದ ವಿರುದ್ಧ ಕೋರ್ಟಿಗೆ ಹೋಯಿತು. ಆ ಹೆದ್ದಾರಿಗಳಲ್ಲಿ ಒಣಗಿದ ಹಳ್ಳಗಳೂ ದನ ನಡೆದ ಜಾಡುಗಳೂ ಇವೆ ಎಂದು ವಿರೋಧಿಗಳು ಗೊಣಗುತ್ತಾರೆ. ಗೊಣಗಲಿ. ದನಗಳೂ ಸಾರ್ವಜನಿಕರೇ ತಾನೇ?

ಸಾಬೀತು ಮಾಡುವ ಬಗೆ ಇನ್ನೂ ಸೊಗಸು. 1976ಕ್ಕೆ ಮುಂಚೆ ಹತ್ತು ವರ್ಷ ಆ ದಾರಿ ಎಡೆಬಿಡದೆ ಬಳಕೆಯಲ್ಲಿತ್ತು ಎಂದು ತೋರಿಸಬೇಕು. ಅಂದರೆ 1966ರಲ್ಲಿ ಅಲ್ಲಿ ಓಡಾಡಿದವರು ಬೇಕು. ಆಗ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಂಬತ್ತು. ಹಾಗಾಗಿ ಸಾಕ್ಷಿಗಳು ಕಣ್ಮುಚ್ಚುವ ಮೊದಲೇ ಹೇಳಿಕೆ ಬರೆಸಿಕೊಳ್ಳುವ ಧಾವಂತ ನಡೆದಿದೆ. ದಾರಿಯನ್ನು ಹುಡುಕಬೇಕಾದ್ದು ಮರಳಿನಲ್ಲಲ್ಲ, ಅಜ್ಜಂದಿರ ನೆನಪಿನಲ್ಲಿ.

ನನ್ನದೊಂದು ನಮ್ರ ಸಲಹೆ. ಯೂಟಾದ ನೈಋತ್ಯ ಮೂಲೆಯಲ್ಲಿ ಮರುಭೂಮಿ ಆಮೆಗಳಿವೆ, 1990ರಿಂದ ಅಪಾಯದ ಪಟ್ಟಿಯಲ್ಲಿರುವ ಮೊಹಾವಿ ಆಮೆಗಳು. ಐವತ್ತು ವರ್ಷ ದಾಟಿ ಬದುಕುತ್ತವೆ, ಊರು ಬಿಟ್ಟು ಹೋಗುವುದಿಲ್ಲ, ಯಾವ ಪಕ್ಷದವೂ ಅಲ್ಲ. ಯಾವ ಚಕ್ರ ಯಾವಾಗ ತಲೆಯ ಮೇಲೆ ಹಾಯಿತೆಂದು ಅವುಗಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವುಗಳನ್ನೇ ಸಾಕ್ಷಿಕಟ್ಟೆ ಹತ್ತಿಸಬಹುದು. ತೊಂದರೆ ಒಂದೇ: ಗಾಬರಿಯಾದರೆ ಆಮೆ ಬರಗಾಲಕ್ಕೆಂದು ಕೂಡಿಟ್ಟ ನೀರನ್ನೆಲ್ಲ ಉಚ್ಚೆ ಹೊಯ್ದು ಕಳೆದುಕೊಳ್ಳುತ್ತದೆ, ಅದರಿಂದ ಸಾಯಲೂಬಹುದು. ಪಾಟೀ ಸವಾಲು ಮಾಡುವ ವಕೀಲರು ದನಿ ತಗ್ಗಿಸಿ ಮಾತಾಡಬೇಕಾದೀತು. ಅದಕ್ಕೆ ಅವರು ಒಪ್ಪುವುದಿಲ್ಲ.